ಮೂಗಿಗೆ ಬೆಲೆ ಕೊಡಬೇಡಿ, ಮರಿ ಎಣಿಸಿ

ಬಕ್ರೀದ್ ಪೆರ್ನಾಲ್ ಮುಗಿದ ಮರುವಾರದಿಂದ ನನ್ನ ಫೋನಿಗೆ ಕರೆಗಳು ಶುರುವಾಗುತ್ತವೆ. ಹೆಚ್ಚಿನವು ಗಲ್ಫಿನಿಂದ. "ಕೆಲಸ ಸಾಕಾಯಿತು, ಊರಿಗೆ ಬರುತ್ತೇನೆ. ಜತ್ತದ ಕುರಿ ಸಾಕಿದರೆ ಲಾಭ ಉಂಟಾ?" ನಮ್ಮ ಹುಡುಗರ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸುಸ್ತಾಗಿದೆ. ಹಾಗಾಗಿ ಇಲ್ಲಿ ಒಮ್ಮೆ ಸರಿಯಾಗಿ ಬರೆಯುತ್ತೇನೆ. ಇದರಲ್ಲಿ ನನ್ನ ತಪ್ಪು ಕೂಡ ಉಂಟು, ಅದನ್ನೇ ಮೊದಲು ಹೇಳುತ್ತೇನೆ.

ಹದಿನಾಲ್ಕು ವರ್ಷ ಸೌದಿಯಲ್ಲಿದ್ದು 2022ರಲ್ಲಿ ಊರಿಗೆ ಬಂದೆ. ಅದಕ್ಕೂ ಮೊದಲು, 2020ರ ಕೊನೆಯಲ್ಲಿ, ಸಾಂಗ್ಲಿ ಜಿಲ್ಲೆಯ ಆಟಪಾಡಿ ಜಾತ್ರೆಯ ಸುದ್ದಿ ಎಲ್ಲರ ಮೊಬೈಲಿಗೂ ಬಂದಿತ್ತು. ಮಾಡಗ್ಯಾಳ ತಳಿಯ ಒಂದು ಟಗರಿಗೆ 70 ಲಕ್ಷ ಕೊಡುತ್ತೇನೆ ಎಂದರೂ ಯಜಮಾನ ಒಪ್ಪಲಿಲ್ಲ, ಒಂದೂವರೆ ಕೋಟಿ ಕೇಳಿದ. ಆ ವಿಡಿಯೊವನ್ನು ನಾನು ಕ್ಯಾಂಪಿನ ಕೋಣೆಯಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಊರಿಗೆ ಬಂದವನೇ ಮಾಡಗ್ಯಾಳಕ್ಕೆ ಹೋದೆ. 18 ಹೆಣ್ಣು ಕುರಿ, ಒಂದು ಟಗರು ಕೊಂಡು ಲಾರಿಯಲ್ಲಿ ಹಾಕಿ ಬಂಟ್ವಾಳದ ಬಳಿಯ ನಮ್ಮ ತೋಟಕ್ಕೆ ತಂದೆ. ಅದರಲ್ಲಿ ಅರ್ಧ ದುಡ್ಡು ನನ್ನ ಹೆಂಡತಿಯ ಚಿನ್ನದ್ದು.

ಜೂನ್ ಬಂತು. ಮಳೆ ಕಡಿಮೆ ಇರುವ ಬಯಲುಸೀಮೆಯ ಪ್ರಾಣಿ ನಮ್ಮ ಆಟಿ ತಿಂಗಳ ಮಳೆಯಲ್ಲಿ ನಿಂತರೆ ಏನಾಗುತ್ತದೆ? ಮೊದಲು ಗೊರಸು ಕೊಳೆಯಿತು, ಆಮೇಲೆ ಕೆಮ್ಮು, ಆಮೇಲೆ ಹೊಟ್ಟೆಯ ಹುಳ. ಆಗಸ್ಟ್ ಮುಗಿಯುವಾಗ 11 ಕುರಿ ಸತ್ತಿದ್ದವು. ಉಳಿದದ್ದನ್ನು ಸಿಕ್ಕಿದ ಬೆಲೆಗೆ ಮಾರಿದೆ. ಹೆಂಡತಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ.

"ಕುರಿ ಯಾಕೆ, ದನವೇ ಸಾಕಬಾರದಾ?" ಎಂದೂ ಕೆಲವರು ಕೇಳುತ್ತಾರೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಮೂವತ್ತು ನಲವತ್ತು ಮಾಂಸದ ಹಸು ಇಟ್ಟುಕೊಂಡು ಬದುಕುವ ಕುಟುಂಬಗಳ ವಿಡಿಯೊ ಕಳಿಸುತ್ತಾರೆ. ಇಲ್ಲಿ ಅದು ಆಗುವ ಮಾತಲ್ಲ. ಮಹಾರಾಷ್ಟ್ರ 1995ರಲ್ಲಿ ಮಾಡಿದ ತಿದ್ದುಪಡಿಗೆ 2015ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. ಹಸುವಿನ ಜೊತೆ ಹೋರಿ, ಎತ್ತುಗಳ ವಧೆಯೂ ನಿಂತಿತು. ಕರ್ನಾಟಕದ 2020ರ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಬೇರೆ ಯಾವುದಕ್ಕೂ ದಾರಿಯಿಲ್ಲ. ಕಾನೂನು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಮಾರಲು ದಾರಿ ಇಲ್ಲದ ಪ್ರಾಣಿಯ ಮೇಲೆ ಕುಟುಂಬದ ದುಡ್ಡು ಹಾಕುವುದು ಬುದ್ಧಿವಂತಿಕೆ ಅಲ್ಲ. ಆದರೆ ಆ ವಿಡಿಯೊಗಳಲ್ಲಿ ಕಲಿಯುವ ವಿಷಯ ಒಂದು ಉಂಟು. ಅಲ್ಲಿನವರು ತಮ್ಮಲ್ಲಿ ಎಷ್ಟು ಹಸು ಇದೆ ಅಂತ ಜಂಬ ಕೊಚ್ಚುವುದಿಲ್ಲ. ನೂರು ತಾಯಿಗೆ ಎಷ್ಟು ಕರು ಹಾಲು ಬಿಡುವವರೆಗೆ ಬದುಕಿತು, ಒಂದು ತಾಯಿಯನ್ನು ವರ್ಷ ಸಾಕಲು ಎಷ್ಟು ಖರ್ಚಾಯಿತು, ಈ ಎರಡೇ ಲೆಕ್ಕ ಕೇಳುತ್ತಾರೆ. ಕುರಿಗೂ ಅದೇ ಲೆಕ್ಕ.

ಎರಡನೇ ಸಲ ನಾನು ಕುರಿಯನ್ನು ಊರಿಗೆ ತರಲಿಲ್ಲ, ನಾನೇ ಕುರಿಯ ಊರಿಗೆ ಹೋದೆ. ಜತ್ತ ತಾಲೂಕಿನ ಪೂರ್ವಭಾಗ, ಉಮದಿ, ಸಂಖ, ಮಾಡಗ್ಯಾಳದ ಕಡೆ, ಮಹಾರಾಷ್ಟ್ರದಲ್ಲಿದ್ದರೂ ಮನೆಮಾತು ಕನ್ನಡ. ವಿಜಯಪುರ ಹತ್ತಿರ. ನಮ್ಮ ಕರಾವಳಿ ಕನ್ನಡ ಕೇಳಿ ಅವರು ನಗುತ್ತಾರೆ, ಅವರದ್ದು ಕೇಳಿ ನಾವು. ಆದರೆ ವ್ಯವಹಾರಕ್ಕೆ ಭಾಷೆಯ ತೊಂದರೆಯಿಲ್ಲ. ಅಲ್ಲಿಯ ಒಂದು ಕುರಿಗಾರ ಕುಟುಂಬದ ಜೊತೆ ಪಾಲಿಗೆ ಬಿಟ್ಟೆ. ಕುರಿ ನನ್ನದು, ಮೇಯಿಸುವುದು, ನೋಡಿಕೊಳ್ಳುವುದು ಅವರದ್ದು. ಮೇವು, ಔಷಧಿಯ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅರ್ಧ.

ಕಳೆದ ಒಂದು ವರ್ಷದ ಲೆಕ್ಕ ಇದು, ಚೋಪಡಿಯಿಂದ ಹಾಗೇ ಇಳಿಸಿದ್ದೇನೆ. 24 ತಾಯಿ ಕುರಿಗೆ 14,000ದಂತೆ 3,36,000, ಟಗರಿಗೆ 35,000. ಒಟ್ಟು ಬಂಡವಾಳ 3,71,000. ವರ್ಷದಲ್ಲಿ ಹುಟ್ಟಿದ ಮರಿ 25, ಬದುಕಿದ್ದು 20. ನಾಲ್ಕು ಹೆಣ್ಣು ಮರಿ ಹಿಂಡಿಗೆ ಉಳಿಸಿಕೊಂಡೆವು. 16 ಮರಿ ಸರಾಸರಿ 9,000ಕ್ಕೆ ಹೋಯಿತು: 1,44,000. ಮರಿ ಹಾಕದ ಮೂರು ಕುರಿ ಮಾರಿ 24,000. ಖರ್ಚು 46,000. ಉಳಿದ 1,22,000ದಲ್ಲಿ ನನ್ನ ಪಾಲು 61,000. ಒಂದು ಕುರಿ ಸತ್ತಿತು, ಮೂರು ಮಾರಿದೆವು, ನಾಲ್ಕು ಮರಿ ಸೇರಿತು. ಹಿಂಡು ಮತ್ತೆ 24.

ನೂರು ರೂಪಾಯಿಗೆ ವರ್ಷಕ್ಕೆ ಸುಮಾರು 16. ಕೋಟಿಯ ಟಗರಿನ ವಿಡಿಯೊ ನೋಡಿದವರಿಗೆ ಇದು ಸಪ್ಪೆ. ಇದೇ ನಿಜವಾದ ಲಾಭ. ಇನ್ನೂ ಐದು ಮರಿ ಸತ್ತಿದ್ದರೆ ನನ್ನ ಪಾಲು 38,500ಕ್ಕೆ ಇಳಿಯುತ್ತಿತ್ತು. ಲಾಭ ನಿಂತಿರುವುದು ಆ ಮರಿಗಳ ಜೀವದ ಮೇಲೆ.

ಮರಿ ಉಳಿಯಬೇಕಾದರೆ ದೊಡ್ಡ ವಿದ್ಯೆಯೇನೂ ಬೇಡ. ಹಿರೇಬೇನೆಗೆ, ಕರುಳುಬೇನೆಗೆ ಲಸಿಕೆ ಸಮಯಕ್ಕೆ ಹಾಕಿಸಬೇಕು. ಕರುಳುಬೇನೆಯದ್ದು ಮಳೆಗೆ ಮುಂಚೆ, ಹೊಸ ಹುಲ್ಲು ಚಿಗುರುವ ಮೊದಲೇ ಆಗಬೇಕು. ಕುರಿ ಗಬ್ಬ ನಿಲ್ಲುವುದು ಐದು ತಿಂಗಳು. ಕೊನೆಯ ಒಂದೂವರೆ ತಿಂಗಳು ದಿನಕ್ಕೊಂದು ಬೊಗಸೆ ಜೋಳ ಕೊಟ್ಟರೆ ಮರಿ ಗಟ್ಟಿ ಹುಟ್ಟುತ್ತದೆ, ತಾಯಿಗೆ ಹಾಲು ಇರುತ್ತದೆ. ಮೊದಲ ಹಾಲು ಹುಟ್ಟಿದ ಗಂಟೆ ಎರಡು ಗಂಟೆಯೊಳಗೆ ಹೊಟ್ಟೆಗೆ ಹೋಗಬೇಕು. ಜತ್ತದಲ್ಲಿ ಮೇವು ಮುಗಿಯುವುದು ಏಪ್ರಿಲ್, ಮೇಯಲ್ಲಿ. ಆಗ ಕೊಳ್ಳುವ ಬದಲು ಶೇಂಗಾ ಹೊಟ್ಟು, ಜೋಳದ ಕಣಿಕೆಯನ್ನು ಸುಗ್ಗಿಯಲ್ಲೇ ಕೊಂಡಿಡಬೇಕು. ನಮ್ಮ ಖರ್ಚಿನಲ್ಲಿ ಉಳಿತಾಯ ಆಗಿದ್ದು ಇದೊಂದರಲ್ಲೇ.

ಮಾಡಗ್ಯಾಳ ಕುರಿ ಎತ್ತರ, ಬಿಳಿ ಮೈಮೇಲೆ ಕಂದು ಪಟ್ಟೆ, ಜೋಲು ಕಿವಿ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು. ಬೇಗ ಬೆಳೆಯುತ್ತದೆ, ಅದಕ್ಕೇ ಒಳ್ಳೆಯ ಹೆಸರು. ಆದರೆ ಸಂತೆಯಲ್ಲಿ ಮೂಗು ಹೆಚ್ಚು ಬಾಗಿದಷ್ಟೂ ಬೆಲೆ ಏರುತ್ತದೆ. ಎರ್ಚಿ ಮಾರುವವನು ಮೂಗಿಗೆ ದುಡ್ಡು ಕೊಡುವುದಿಲ್ಲ. ಶೋಕಿಯ ಟಗರು ಕೊಂಡವನು ಲಾಭ ಮಾಡಬೇಕಾದರೆ ಇನ್ನೊಬ್ಬ ಶೋಕಿಯವನು ಸಿಗಬೇಕು. ನಮಗೆ ಬೇಕಾದದ್ದು ಹೋದ ವರ್ಷ ಮರಿ ಹಾಕಿ ಬೆಳೆಸಿದ ತಾಯಿ. ಅವಳ ಮೂಗು ನೇರ ಇದ್ದರೂ ನಡೆಯುತ್ತದೆ. ಮಾಡಗ್ಯಾಳ ಸಾಮಾನ್ಯವಾಗಿ ಒಂದೇ ಮರಿ ಹಾಕುವುದು. ಸತಾರಾ ಜಿಲ್ಲೆಯ ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ, ಸುಂದರಬನದ ಗರೋಲ್ ಕುರಿಯ ಅವಳಿ ಹೆರುವ ಗುಣ ತಂದು 'ನಾರಿ ಸುವರ್ಣ' ಎಂಬ ತಳಿ ಮಾಡಿದೆ. ಒಳ್ಳೆಯದೇ, ಆದರೆ ಎರಡು ಮರಿಗೆ ಹಾಲು ಬರುವಷ್ಟು ಮೇವು ಕೊಡಲು ತಾಕತ್ತಿದ್ದವರಿಗೆ ಮಾತ್ರ.

ಬಕ್ರೀದ್ ನಂಬಿ ಇಡೀ ಹಿಂಡು ಸಾಕುವವರಿಗೆ ಒಂದು ಮಾತು. ಹಬ್ಬ ವರ್ಷವರ್ಷ ಹತ್ತು ಹನ್ನೊಂದು ದಿನ ಹಿಂದೆ ಬರುತ್ತದೆ. 2023ರಲ್ಲಿ ಜೂನ್ 29, 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಉಳುಹಿಯ್ಯತ್‌ಗೆ ವರ್ಷ ತುಂಬಿದ ಟಗರು ಬೇಕು ಅಂದರೆ ಮುಂದಿನ ಹಬ್ಬದ ಮರಿ ಈ ಹಬ್ಬಕ್ಕೆ ಮೊದಲೇ ಹುಟ್ಟಿರಬೇಕು. ಆ ಮರಿ ಒಂದು ಬೇಸಿಗೆ ಪೂರ್ತಿ ಕೊಂಡ ಮೇವು ತಿನ್ನುತ್ತದೆ. ಅದಕ್ಕೇ ನಾನು ಹೆಚ್ಚಿನ ಮರಿಗಳನ್ನು ನಾಲ್ಕು ತಿಂಗಳಿಗೆ ಮಾರುತ್ತೇನೆ. ಮೊದಲೇ ಮುಂಗಡ ಕೊಟ್ಟ ನೆಂಟರಿಗೆ ಮಾತ್ರ ಎರಡು ಮೂರು ಉಳಿಸುತ್ತೇನೆ.

ಇನ್ನು ಸಬ್ಸಿಡಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಬಂಡವಾಳದ ಶೇ. 50 ಸಹಾಯಧನ ಉಂಟು, 100 ಹೆಣ್ಣು 5 ಟಗರಿನ ಘಟಕಕ್ಕೆ ಗರಿಷ್ಠ 10 ಲಕ್ಷ. ಅದನ್ನು ನೋಡಿ ಮೊದಲ ವರ್ಷವೇ ನೂರು ಕುರಿ ಕೊಳ್ಳಬೇಡಿ. 20 ಕುರಿಯಲ್ಲಿ ಮಾಡುವ ತಪ್ಪನ್ನೇ ನೂರರಲ್ಲಿ ಮಾಡಿದರೆ ಸಹಾಯಧನ ಉಳಿಸುವುದಿಲ್ಲ. ಮೂರು ವರ್ಷ ಚೋಪಡಿ ಬರೆದು ಆಮೇಲೆ ಅರ್ಜಿ ಹಾಕಿ.

ಪಾಲಿನ ವಿಷಯದಲ್ಲಿ ಒಂದು ಆಕ್ಷೇಪ ಬರುತ್ತದೆ. "ನೀವು ಇಲ್ಲಿ, ಕುರಿ ಅಲ್ಲಿ. ಸತ್ತಿತು ಅಂತ ಸುಳ್ಳು ಹೇಳಿ ಮಾರಿದರೆ?" ಆಗಬಹುದು. ಅದಕ್ಕೇ ಪ್ರತಿ ಕುರಿಯ ಕಿವಿಗೆ ನಂಬರ್ ಉಂಟು, ಎರಡು ತಿಂಗಳಿಗೊಮ್ಮೆ ಹೋಗಿ ಎಣಿಸುತ್ತೇನೆ. ಆದರೆ ನಿಜವಾದ ಕಾವಲು ಅವರ ಅರ್ಧ ಪಾಲು. ಮರಿ ಸತ್ತರೆ ಅವರಿಗೂ 4,500 ಹೋಗುತ್ತದೆ. ಸಂಬಳಕ್ಕೆ ಇಟ್ಟಿದ್ದರೆ ಚಳಿಯ ರಾತ್ರಿ ಎರಡು ಗಂಟೆಗೆ ಎದ್ದು ಯಾರು ಮರಿಗೆ ಹಾಲು ಕುಡಿಸುತ್ತಾರೆ? ಇನ್ನೊಂದು, ನಾನು ಅವರಿಗೆ ತಿಂಗಳಿಗೆ ಇಷ್ಟು ಕೊಡಲೇಬೇಕು ಅನ್ನಲಿಲ್ಲ. ಹಣ ಹಾಕಿ, ತಿಂಗಳಿಗೆ ನಿಗದಿ ಲಾಭ ಕೊಡುತ್ತೇವೆ ಎಂದವರನ್ನು ನಂಬಿ ನಮ್ಮ ಸಮುದಾಯ ಎಷ್ಟು ಕಳಕೊಂಡಿದೆ ಎನ್ನುವುದು ನಿಮಗೆ ಗೊತ್ತು. 2019ರ ಐಎಂಎ ಇನ್ನೂ ಮರೆತಿಲ್ಲ. ನಾಳೆ ಯಾರಾದರೂ ಕುರಿಯ ಹೆಸರಿನಲ್ಲಿ ಅಂಥದ್ದೇ ಸ್ಕೀಮ್ ತಂದರೆ ದೂರ ನಿಲ್ಲಿ. ಬರಗಾಲದ ವರ್ಷ ಕುರಿ ನಿಗದಿ ಲಾಭ ಕೊಡುವುದಿಲ್ಲ.

ಬ್ಯಾರ ಅಂದರೆ ವ್ಯಾಪಾರ, ಅದರಿಂದಲೇ ನಮಗೆ ಹೆಸರು ಬಂತು ಅಂತ ಹೇಳಿಕೊಳ್ಳುತ್ತೇವೆ. ಕೊಂಡು ಮಾರುವುದು ನಮಗೆ ಬರುತ್ತದೆ, ಕಾದು ಬೆಳೆಸುವುದನ್ನು ಕಲಿಯಬೇಕು. ಕಲಿಸುವವರು ಜತ್ತದ ಆ ಬಯಲಿನಲ್ಲಿ ಕಂಬಳಿ ಹೊದ್ದು ಕೂತಿದ್ದಾರೆ. ಅವರ ಹತ್ತಿರ ಹೋಗುವಾಗ ಯಜಮಾನನ ಹಾಗೆ ಹೋಗಬೇಡಿ.

ನಮ್ಮ ಚೋಪಡಿ ಈಗ ನನ್ನ ಹೆಂಡತಿಯ ಕೈಯಲ್ಲಿದೆ. ಹೋದ ಚಿನ್ನದ ಲೆಕ್ಕವನ್ನು ಅವಳು ಮೊದಲ ಪುಟದಲ್ಲೇ ಬರೆದಿಟ್ಟಿದ್ದಾಳೆ. ಪ್ರತಿ ವರ್ಷ ನನ್ನ ಪಾಲು ಬಂದಾಗ ಅದರಿಂದ ಸ್ವಲ್ಪ ಕಳೆಯುತ್ತಾಳೆ. ಅದು ಸೊನ್ನೆಯಾಗುವ ತನಕ 24ರ ಮೇಲೆ ಇನ್ನೊಂದು ಕುರಿ ಕೊಳ್ಳುವ ಹಾಗಿಲ್ಲ.