ಸ್ವಂತ ಮನೆ ಕೊಂಡರೆ ಬಾಡಿಗೆ ಮನೆಗೆ ನೋಟಿಸ್ ಕೊಡಬೇಕಾಗಿಲ್ಲವೇ?

"ಸ್ವಂತ ಮನೆ ರಿಜಿಸ್ಟ್ರೇಷನ್ ಆದರೆ ಬಾಡಿಗೆ ಕರಾರು ತಾನಾಗಿಯೇ ರದ್ದು." "11 ತಿಂಗಳ ಅಗ್ರಿಮೆಂಟ್‌ಗೆ ಬೆಲೆಯೇ ಇಲ್ಲ, ನೋಟಿಸ್ ಬೇಡ." "ಒಂದೇ ಮನೆಯಲ್ಲಿ 12 ವರ್ಷ ಬಾಡಿಗೆಗಿದ್ದರೆ ಮನೆ ನಿಮ್ಮದೇ." ಇಂಥ ಮಾತುಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ತಲೆ ಎತ್ತುತ್ತವೆ. ಓದುವವರಿಗೆ ಹಿತವೆನಿಸುತ್ತವೆ, ಹಾಗಾಗಿ ಬೇಗ ಹಂಚಿಕೆಯಾಗುತ್ತವೆ.

ಪುತ್ತೂರು, ಸುಳ್ಯ, ಕಡಬದ ಕಡೆ ಇದು ಅನೇಕರ ಮನೆಯ ವಿಷಯ. ಮಕ್ಕಳ ಶಾಲೆ, ಕಾಲೇಜು, ಕೆಲಸ ಎಂದು ಪೇಟೆಯಲ್ಲಿ ಬಾಡಿಗೆಗಿದ್ದು, ಹತ್ತಾರು ವರ್ಷ ಉಳಿಸಿ ಐದೋ ಹತ್ತೋ ಸೆಂಟ್ಸ್ ಜಾಗದ ಮನೆ ಕೊಳ್ಳುವವರು ಇಲ್ಲಿ ಬಹಳ. ಆ ಖುಷಿಯ ನಡುವೆ ಹಳೆ ಮನೆಯ ಧಣಿಗಳಿಗೆ ಹೇಳುವುದು ಕೊನೆಗೆ ಉಳಿಯುತ್ತದೆ. ಅಡ್ವಾನ್ಸ್ ಹಣದ ಜಗಳ ಶುರುವಾಗುವುದು ಅಲ್ಲಿಂದಲೇ. ಹಾಗಾದರೆ ನಿಯಮ ಏನು ಹೇಳುತ್ತದೆ? ನೋಡೋಣ.

ಮನೆ ಕೊಂಡ ಕೂಡಲೇ ಬಾಡಿಗೆ ಮುಗಿಯುತ್ತದೆಯೇ?

ಇಲ್ಲ. ನೀವು ಮನೆ ಕೊಳ್ಳುವುದು ಮಾರುವವರ ಜೊತೆಗಿನ ವ್ಯವಹಾರ. ಬಾಡಿಗೆ ಇರುವುದು ಇನ್ನೊಬ್ಬರ ಜೊತೆಗಿನ ವ್ಯವಹಾರ. ಒಂದು ಕಡೆ ಸಹಿ ಹಾಕಿದ ಮಾತ್ರಕ್ಕೆ ಇನ್ನೊಂದು ಕಡೆಯ ಹೊಣೆ ಇಳಿಯುವುದಿಲ್ಲ. "ಸ್ವಂತ ಮನೆ ಕೊಂಡಿದ್ದೇನೆ" ಎಂಬುದು ನೋಟಿಸ್ ಇಲ್ಲದೆ ಹೊರಡಲು ಕಾನೂನು ಕೊಟ್ಟ ವಿನಾಯಿತಿಯಲ್ಲ.

ಇದಕ್ಕೆ ಒಂದೇ ಒಂದು ಅಪವಾದ ಇದೆ. ನೀವು ಬಾಡಿಗೆಗಿರುವ ಮನೆಯನ್ನೇ ಕೊಂಡರೆ ಧಣಿ ಮತ್ತು ಬಾಡಿಗೆದಾರ ಇಬ್ಬರೂ ನೀವೇ ಆಗುತ್ತೀರಿ, ಬಾಡಿಗೆ ಅಲ್ಲಿಗೆ ಮುಗಿಯುತ್ತದೆ. ಅದೂ ಕ್ರಯಪತ್ರ ನೋಂದಣಿಯಾದ ಮೇಲೆ ಮಾತ್ರ. ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿದಷ್ಟಕ್ಕೆ ಬಾಡಿಗೆ ನಿಲ್ಲಿಸಬಾರದು.

15 ದಿನವೋ, ಒಂದು ತಿಂಗಳೋ, ಮೂರು ತಿಂಗಳೋ?

ಮೊದಲು ನೋಡಬೇಕಾದ್ದು ನಿಮ್ಮ ಬಾಡಿಗೆ ಕರಾರನ್ನು. ಅದರಲ್ಲಿ ಒಂದು ತಿಂಗಳು ಎಂದಿದ್ದರೆ ಒಂದು ತಿಂಗಳು, ಮೂರು ತಿಂಗಳು ಎಂದಿದ್ದರೆ ಮೂರು ತಿಂಗಳು.

ಕರಾರೇ ಇಲ್ಲ, ಎಲ್ಲವೂ ಬಾಯಿಮಾತಿನಲ್ಲಿ ನಡೆದಿದೆ ಎಂದಾದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಅನ್ವಯಿಸುತ್ತದೆ. ತಿಂಗಳ ಲೆಕ್ಕದ ಬಾಡಿಗೆಗೆ 15 ದಿನಗಳ ನೋಟಿಸ್. ಇದು ಧಣಿಗಳಿಗೂ ಬಾಡಿಗೆದಾರರಿಗೂ ಒಂದೇ. ದಿನದ ಎಣಿಕೆ ಶುರುವಾಗುವುದು ನೀವು ಪತ್ರ ಬರೆದ ದಿನದಿಂದಲ್ಲ, ಅದು ಅವರ ಕೈಸೇರಿದ ದಿನದಿಂದ. ನೋಟಿಸ್ ಅವಧಿ ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಮುಗಿಯಬೇಕು ಎಂಬ ಹಳೆಯ ಕಟ್ಟುಪಾಡು 2002ರ ತಿದ್ದುಪಡಿಯ ನಂತರ ಇಲ್ಲ. ಆದರೂ ತಿಂಗಳ ಕೊನೆಗೆ ಹೊಂದಿಸಿಕೊಂಡರೆ ಲೆಕ್ಕ ಸುಲಭ.

"ರೆಂಟ್ ಕಂಟ್ರೋಲ್ ಕಾಯ್ದೆ ಇದೆಯಲ್ಲ?" ಎಂದು ಕೇಳುವವರಿದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 3,500 ರೂಪಾಯಿ ದಾಟಿದ ತಿಂಗಳ ಬಾಡಿಗೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸಣ್ಣ ಊರುಗಳಿಗೆ ಈ ಮಿತಿ 2,000 ರೂಪಾಯಿ. ಇಂದಿನ ಬಾಡಿಗೆಗಳನ್ನು ನೋಡಿದರೆ ಹೆಚ್ಚಿನವರಿಗೆ ಅದು ಉಪಯೋಗಕ್ಕೆ ಬಾರದು. "ಅಡ್ವಾನ್ಸ್ ಎರಡೇ ತಿಂಗಳದ್ದು, ಕೇಂದ್ರದ ಹೊಸ ಕಾನೂನು" ಎಂಬ ಫಾರ್ವರ್ಡ್‌ನ ಮೂಲ 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನದೇ ಕಾಯ್ದೆಯಾಗಿ ತಂದರೆ ಮಾತ್ರ ಆ ರಾಜ್ಯದಲ್ಲಿ ಜಾರಿಯಾಗುತ್ತದೆ.

11 ತಿಂಗಳ ಕರಾರಿಗೆ ಬೆಲೆ ಇಲ್ಲವೇ?

ಇದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳಿಗೆ ಬರೆಸುವ ರೂಢಿ ಬಂತು. ನೋಂದಣಿಯಾಗಿಲ್ಲ ಎಂದ ಮಾತ್ರಕ್ಕೆ ಅದು ಬರೀ ಕಾಗದವಲ್ಲ.

ಅವಧಿ ಮುಗಿದ ದಿನವೇ ಮನೆ ಬಿಡುವುದಾದರೆ ಬೇರೆ ನೋಟಿಸ್ ಬೇಡ, ಕರಾರು ಬೇಕೆಂದು ಹೇಳದಿದ್ದರೆ. ಅವಧಿಯ ಮಧ್ಯದಲ್ಲಿ ಹೊರಡುವವರೇ ಎಚ್ಚರ ವಹಿಸಬೇಕು. ಮಧ್ಯದಲ್ಲಿ ಬಿಡಬಹುದು ಎಂಬ ಮಾತು ಕರಾರಿನಲ್ಲಿ ಇದೆಯೇ ಎಂದು ಓದಿ. ಇಲ್ಲದಿದ್ದರೆ ಧಣಿಗಳ ಜೊತೆ ಮಾತಾಡಿ ಒಪ್ಪಿಗೆಯಿಂದ ಮುಗಿಸುವುದೇ ದಾರಿ. ಇನ್ನು, 11 ತಿಂಗಳು ಎಂದೋ ಮುಗಿದು, ಕರಾರು ನವೀಕರಿಸದೆ ಬಾಡಿಗೆ ಕೊಡುತ್ತ ವಾಸ ಮುಂದುವರಿಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಅದು ತಿಂಗಳ ಲೆಕ್ಕದ ಬಾಡಿಗೆಯಾಗುತ್ತದೆ. ನಮ್ಮ ಕಡೆಯ ಅನೇಕ ಬಾಡಿಗೆಗಳು ಇದೇ ಬಗೆಯವು.

ವಾಟ್ಸಾಪ್‌ನಲ್ಲಿ ಹೇಳಿದರೆ ಸಾಕೇ?

ನೋಟಿಸ್ ಬರವಣಿಗೆಯಲ್ಲಿರಬೇಕು, ಕೊಡುವವರ ಸಹಿ ಇರಬೇಕು ಎನ್ನುತ್ತದೆ 106ನೇ ಸೆಕ್ಷನ್. ಅಂಚೆಯಲ್ಲಿ ಕಳಿಸಬಹುದು, ನೇರವಾಗಿ ಕೈಗೆ ಕೊಡಬಹುದು, ಅವರ ಮನೆಯಲ್ಲಿ ಕುಟುಂಬದವರ ಕೈಗೂ ಕೊಡಬಹುದು. ಈ ಪಟ್ಟಿಯಲ್ಲಿ ವಾಟ್ಸಾಪ್ ಇಲ್ಲ. ಹಾಗೆಂದು ವಾಟ್ಸಾಪ್ ವ್ಯರ್ಥವೂ ಅಲ್ಲ, ಯಾವಾಗ ಏನು ಹೇಳಿದಿರಿ ಎಂಬ ದಾಖಲೆಯಾಗಿ ಇರಲಿ. ಆದರೆ ಅದನ್ನೊಂದನ್ನೇ ನಂಬಬೇಡಿ.

ಒಂದು ಹಾಳೆಯಲ್ಲಿ ನಾಲ್ಕು ಸಾಲು ಸಾಕು: ಯಾವ ಮನೆ, ಯಾವ ದಿನ ಬಿಡುತ್ತೀರಿ, ಅಡ್ವಾನ್ಸ್ ಎಷ್ಟು ಬರಬೇಕು, ಯಾವ ಖಾತೆಗೆ. ಎರಡು ಪ್ರತಿ ಮಾಡಿ, ಒಂದರಲ್ಲಿ "ತಲುಪಿದೆ" ಎಂದು ಧಣಿಗಳ ಸಹಿ, ತಾರೀಕು ಹಾಕಿಸಿಕೊಳ್ಳಿ. ಧಣಿಗಳು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. "ಇಷ್ಟು ವರ್ಷದ ವಿಶ್ವಾಸ, ಕಾಗದ ಕೊಟ್ಟರೆ ಬೇಜಾರಾಗುತ್ತಾರೆ" ಎಂಬ ಸಂಕೋಚ ಸಹಜ. ಮೊದಲು ಮನೆಗೆ ಹೋಗಿ ಬಾಯಲ್ಲಿ ಹೇಳಿ, ಆಮೇಲೆ ಕಾಗದ ಕೊಡಿ. ವಿಶ್ವಾಸ ಉಳಿಯಲಿಕ್ಕೂ ಆ ಕಾಗದವೇ ಸಹಾಯ ಮಾಡುತ್ತದೆ.

ಯಾವಾಗ ಕೊಡಬೇಕು?

ಹೆಚ್ಚು ಜನ ಎಡವುವುದು ಇಲ್ಲಿ. ಮುಂಗಡ ಕೊಟ್ಟ ಸಂಭ್ರಮದಲ್ಲಿ ಅಂದೇ ನೋಟಿಸ್ ಕೊಡುವವರು ಒಂದು ಕಡೆ, ಹೊಸ ಮನೆಗೆ ಸಾಮಾನು ಸಾಗಿಸಿದ ಮೇಲೆ ಹೇಳುವವರು ಇನ್ನೊಂದು ಕಡೆ. ಇಬ್ಬರಿಗೂ ನಷ್ಟ.

ಕ್ರಯದ ಕರಾರು ಆಯಿತೆಂದರೆ ಮನೆ ನಿಮ್ಮದಾಯಿತು ಎಂದಲ್ಲ. ಕರಾರಿನಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಕರಾರಿನಿಂದ ಬೀಗದ ಕೈವರೆಗೆ ಹಲವು ಮೆಟ್ಟಿಲುಗಳಿವೆ. ಋಣಭಾರ ಪತ್ರ, ಭೂಪರಿವರ್ತನೆ ಆದೇಶ, ಪಂಚಾಯತ್ ವ್ಯಾಪ್ತಿಯಾದರೆ 9/11, ಬ್ಯಾಂಕಿನ ವಕೀಲರ ಅಭಿಪ್ರಾಯ, ಸಾಲ ಮಂಜೂರಾತಿ, ನೋಂದಣಿ. 9/11 ಒಂದಕ್ಕೇ ಎಷ್ಟು ಓಡಾಟ ಎಂಬುದು ನಮ್ಮ ಹಳ್ಳಿಗಳವರಿಗೆ ಹೇಳಬೇಕಾಗಿಲ್ಲ. ಇವುಗಳಲ್ಲಿ ಯಾವುದು ತಡವಾದರೂ ನೋಟಿಸಿನ ದಿನ ಮಾತ್ರ ನಿಲ್ಲುವುದಿಲ್ಲ. ಒಮ್ಮೆ ಕೊಟ್ಟ ನೋಟಿಸನ್ನು ನೀವೊಬ್ಬರೇ ಹಿಂದೆ ಪಡೆಯುವಂತೆಯೂ ಇಲ್ಲ, ಧಣಿಗಳು ಒಪ್ಪಬೇಕು. ಅವರು ಆಗಲೇ ಬೇರೆಯವರಿಗೆ ಮಾತು ಕೊಟ್ಟಿದ್ದರೆ?

ನಮ್ಮ ಕಡೆ ಇನ್ನೊಂದು ಲೆಕ್ಕವಿದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ಹಲವರು ಮನೆ ಒಕ್ಕಲು ಮಾಡುವುದಿಲ್ಲ. ಜೂನ್ ಕೊನೆಗೆ ನೋಂದಣಿಯಾದ ಮನೆಗೆ ಹಾಲುಕ್ಕಿಸುವುದು ಆಗಸ್ಟ್ ದಾಟಿದ ಮೇಲೆ ಎಂದಾದರೆ, ಜುಲೈಗೆ ಬಾಡಿಗೆ ಮನೆ ಬಿಟ್ಟವರು ಜಡಿಮಳೆಯಲ್ಲಿ ಸಾಮಾನು ಎಲ್ಲಿಡುವುದು?

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ನೋಡೋಣ. 25 ಲಕ್ಷ ರೂಪಾಯಿ ಸಾಲ, ಶೇ. 8.5 ಬಡ್ಡಿ, 20 ವರ್ಷ ಅವಧಿ ಎಂದಿಟ್ಟುಕೊಳ್ಳಿ. ಇಎಂಐ ಸುಮಾರು 21,700 ರೂಪಾಯಿ. ಹಳೆ ಮನೆಯ ಬಾಡಿಗೆ 8,000, ನೋಟಿಸ್ ಎರಡು ತಿಂಗಳು. ಹೊಸ ಮನೆಗೆ ಹೋದ ಮೇಲೆ ನೋಟಿಸ್ ಕೊಟ್ಟರೆ ಎರಡು ತಿಂಗಳು ತಲಾ 29,700 ರೂಪಾಯಿ ಹೊಂದಿಸಬೇಕು, ಅದರಲ್ಲಿ 16,000 ಖಾಲಿ ಮನೆಗೆ.

ಆದ್ದರಿಂದ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಮಾಡಿ. ಬ್ಯಾಂಕ್ ಸಾಲ ಮಂಜೂರಾಗಿ, ಕಾಗದಪತ್ರ ಸರಿ ಎಂದು ವಕೀಲರು ಹೇಳಿ, ನೋಂದಣಿ ದಿನ ನಿಗದಿಯಾದ ಮೇಲೆ ಒಕ್ಕಲಿನ ದಿನ ಹಿಡಿಯಿರಿ. ಅಲ್ಲಿಂದ ನೋಟಿಸಿನ ಅವಧಿಯಷ್ಟು ಹಿಂದೆ ಬನ್ನಿ. ಮನೆ ಬಿಡುವ ದಿನವನ್ನು ಒಕ್ಕಲಿನ ನಂತರ ಎರಡು ಮೂರು ವಾರ ಮುಂದಕ್ಕೆ ಇಡಿ. ಆ ಒಂದು ತಿಂಗಳ ಬಾಡಿಗೆ ದಂಡವಲ್ಲ, ಬೀದಿಗೆ ಬೀಳದಂತೆ ಕಟ್ಟಿದ ವಿಮೆ ಎಂದುಕೊಳ್ಳಿ.

ಅಡ್ವಾನ್ಸ್ ಹಣದಲ್ಲಿ ಧಣಿಗಳು ಎಷ್ಟು ಮುರಿಯಬಹುದು?

ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಇದು 108ನೇ ಸೆಕ್ಷನ್‌ನ ಮಾತು. ನಮ್ಮಲ್ಲಿ ಮಳೆಗಾಲ ಕಳೆದ ಮೇಲೆ ಗೋಡೆಗೆ ಬೂಸು ಬರುವುದು ಸಾಮಾನ್ಯ. ಮಾಡಿನಿಂದ ನೀರಿಳಿದು ಬಣ್ಣ ಹೋದದ್ದು ಬೇರೆ, ಮೊಳೆ ಹೊಡೆದು ಗಾರೆ ಕಿತ್ತುಬಂದದ್ದು ಬೇರೆ. ಪೈಂಟಿಂಗ್‌ಗೆ ಇಷ್ಟು ಎಂದು ಕರಾರಿನಲ್ಲಿ ಬರೆದು ಸಹಿ ಹಾಕಿದ್ದರೆ ಅದು ಸಲ್ಲುತ್ತದೆ. ಬರೆಯದಿದ್ದರೆ ಕೇಳುವ, ಮಾತಾಡುವ ಹಕ್ಕು ನಿಮಗಿದೆ.

ಬೀಗದ ಕೈ ಕೊಡುವ ದಿನ ಪ್ರತಿ ಕೋಣೆಯ ವಿಡಿಯೋ ಮಾಡಿ. ಮೆಸ್ಕಾಂ ಮೀಟರಿನ ಅಂಕಿಯ ಫೋಟೋ ತೆಗೆಯಿರಿ, ನೀರಿನ ಬಿಲ್ ಕಟ್ಟಿದ ರಸೀದಿ ಇಡಿ. ಕಡೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಎಂದು ನೀವೇ ತೀರ್ಮಾನಿಸಬೇಡಿ, ಧಣಿಗಳ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಕೊಂಡ ಮನೆಯಲ್ಲೇ ಬಾಡಿಗೆದಾರರಿದ್ದರೆ?

"ಹೊಸ ಧಣಿ ಬಂದರೆ ಹಳೆ ಬಾಡಿಗೆದಾರ ಕೂಡಲೇ ಹೊರಡಬೇಕು" ಎಂಬುದೂ ಸುಳ್ಳು. 109ನೇ ಸೆಕ್ಷನ್ ಪ್ರಕಾರ ಕೊಂಡವರು ಹಳೆ ಧಣಿಯ ಜಾಗದಲ್ಲಿ ನಿಲ್ಲುತ್ತಾರೆ. ಬಾಡಿಗೆ ಪಡೆಯುವ ಹಕ್ಕಿನ ಜೊತೆಗೆ ನೋಟಿಸ್ ಕೊಡಬೇಕಾದ ಹೊಣೆಯೂ ಅವರಿಗೆ ಬರುತ್ತದೆ. ಬೀಗ ಬದಲಾಯಿಸುವುದು, ಕರೆಂಟ್ ತೆಗೆಯುವುದು ದಾರಿಯಲ್ಲ. ಹಾಗೆ ಬಲವಂತವಾಗಿ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಆದ್ದರಿಂದ ಮನೆ ಖಾಲಿ ಮಾಡಿಸಿ ಕೊಡುವುದು ಯಾರ ಹೊಣೆ, ಅಡ್ವಾನ್ಸ್ ಯಾರ ಬಳಿ ಉಳಿದಿದೆ ಎಂಬುದನ್ನು ಕ್ರಯಪತ್ರಕ್ಕೆ ಮೊದಲೇ ಬರೆಸಿಕೊಳ್ಳಿ.

12 ವರ್ಷ ಇದ್ದರೆ ಮನೆ ನಿಮ್ಮದಾಗುತ್ತದೆಯೇ?

ಆಗುವುದಿಲ್ಲ. 12 ವರ್ಷದ ಮಾತು ಧಣಿಯ ಹಕ್ಕನ್ನೇ ಅಲ್ಲಗಳೆದು ಬಹಿರಂಗವಾಗಿ ಆಸ್ತಿ ಅನುಭವಿಸಿದವರಿಗೆ ಸಂಬಂಧಿಸಿದ್ದು. ಬಾಡಿಗೆದಾರ ಇರುವುದು ಧಣಿಯ ಅನುಮತಿಯಿಂದ, ಬಾಡಿಗೆ ಕೊಡುವುದೇ ಅದಕ್ಕೆ ಸಾಕ್ಷಿ.

ಆದರೆ ಈ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಇಷ್ಟು ಗಟ್ಟಿಯಾಗಿರುವುದಕ್ಕೆ ಒಂದು ಹಿನ್ನೆಲೆ ಇದೆ. ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರದ ವಶವಾಯಿತು. ಗೇಣಿದಾರರು ಅರ್ಜಿ ಕೊಟ್ಟು, ಭೂನ್ಯಾಯ ಮಂಡಳಿಯ ಮೂಲಕ ಒಡೆಯರಾದರು. ಇಲ್ಲಿನ ಎಷ್ಟೋ ತೋಟಗಳ ಕಾಗದ ಅಲ್ಲಿಂದಲೇ ಶುರುವಾಗುತ್ತದೆ. 2011ರಲ್ಲಿ ದಕ್ಷಿಣ ಕನ್ನಡ, ಉಡುಪಿಯ ಮೂಲಗೇಣಿದಾರರಿಗೆಂದು ಇನ್ನೊಂದು ಕಾಯ್ದೆ ಬಂತು. "ಒಕ್ಕಲು ಕೂತವನು ಒಡೆಯನಾದ" ಎಂಬ ನೆನಪು ಮನೆ ಬಾಡಿಗೆಗೂ ಅಂಟಿಕೊಂಡಿದೆ. ಅದೇ ಕಾರಣಕ್ಕೆ ಕೆಲವು ಧಣಿಗಳು ಕಾಗದ ಬರೆಯಲು ಹೆದರುತ್ತಾರೆ, ಕೆಲವು ಬಾಡಿಗೆದಾರರು ಇಲ್ಲದ ಆಸೆ ಇಟ್ಟುಕೊಳ್ಳುತ್ತಾರೆ. ಆದರೆ ಆ ಕಾಯ್ದೆಗಳು ಬಂದದ್ದು ಗೇಣಿಯ ವಿಷಯಕ್ಕೆ, ಪೇಟೆಯ ತಿಂಗಳ ಬಾಡಿಗೆ ಮನೆಗಲ್ಲ.

ಕೊನೆಯದಾಗಿ

ಕರಾರು ಓದಿ, ಒಕ್ಕಲಿನ ದಿನದಿಂದ ಹಿಂದಕ್ಕೆ ಎಣಿಸಿ, ಸಹಿ ಹಾಕಿದ ಪತ್ರ ಕೊಟ್ಟು ತಲುಪಿದ್ದಕ್ಕೆ ಸಾಕ್ಷಿ ಇಟ್ಟುಕೊಳ್ಳಿ. ಇಷ್ಟು ಮಾಡಿದರೆ ಹೆಚ್ಚಿನ ಜಗಳಗಳು ಹುಟ್ಟುವುದೇ ಇಲ್ಲ. ಜಗಳ ಬಂದೇ ಬಂದರೆ ಪುತ್ತೂರು, ಸುಳ್ಯದ ನ್ಯಾಯಾಲಯಗಳಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು, 15100ಕ್ಕೆ ಕರೆ ಮಾಡಬಹುದು. ದೊಡ್ಡ ಮೊತ್ತದ ವಿಷಯವಾದರೆ ನಿಮ್ಮ ಕಾಗದಪತ್ರ ನೋಡಿದ ವಕೀಲರ ಮಾತೇ ಕೊನೆಯದು.

"ನೋಟಿಸ್ ಬೇಡ" ಎಂಬ ಮೆಸೇಜ್ ಮುಂದಿನ ಸಲ ಬಂದಾಗ ಫಾರ್ವರ್ಡ್ ಒತ್ತುವ ಮುನ್ನ ಒಂದು ಕ್ಷಣ ಯೋಚಿಸಿ. ಅದನ್ನು ಬರೆದವರು ಯಾರ ಅಡ್ವಾನ್ಸನ್ನೂ ವಾಪಸ್ ಕೊಡಿಸಲು ಬರುವುದಿಲ್ಲ.