ಅಲ್ಪವಿರಾಮ ಎಲ್ಲಿರಬೇಕು?

ಮಕ್ಕಳೇ, ಹನ್ನೆರಡು ಲಕ್ಷದ ಮೂವತ್ತನಾಲ್ಕು ಸಾವಿರದ ಐನೂರು ರೂಪಾಯಿಯನ್ನು ಅಂಕಿಗಳಲ್ಲಿ ಬರೆಯಿರಿ. ₹12,34,500 ಎಂದು ಬರೆದಿರಲ್ಲವೇ? ಅಮೆರಿಕದವರು ಇದೇ ಸಂಖ್ಯೆಯನ್ನು 1,234,500 ಎಂದು ಬರೆಯುತ್ತಾರೆ. ಜರ್ಮನಿಯವರು 1.234.500 ಎಂದು ಬರೆದು, ಹಣದ ಚಿಹ್ನೆಯನ್ನು ಕೊನೆಯಲ್ಲಿ ಹಾಕುತ್ತಾರೆ. ಅಲ್ಲಿ ಸಾವಿರಗಳನ್ನು ಬೇರ್ಪಡಿಸಲು ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ! ಹೀಗಾಗಿ 1.500 ಎಂಬುದು ನಮಗೆ ಒಂದೂವರೆ. ಅವರಿಗೆ ಒಂದೂವರೆ ಸಾವಿರ.

ಗಣಕಯಂತ್ರದ ಒಳಗೆ ಇರುವುದು ಬರೀ ಸಂಖ್ಯೆ. ಅದನ್ನು ತೆರೆಯ ಮೇಲೆ ತೋರಿಸುವಾಗ ತಂತ್ರಾಂಶವು ಚಿಹ್ನೆ, ಚುಕ್ಕಿ, ಅಲ್ಪವಿರಾಮಗಳನ್ನು ಸೇರಿಸುತ್ತದೆ. ಯಾವ ನಾಡಿನ ಪದ್ಧತಿ ಬೇಕೆಂದು ನಾವು ಅದಕ್ಕೆ ತಿಳಿಸಬೇಕು. ಇಂಥ ಪದ್ಧತಿಗಳ ದೊಡ್ಡ ಪಟ್ಟಿಯೊಂದನ್ನು ಯುನಿಕೋಡ್ ಸಂಸ್ಥೆ ಸಿದ್ಧಪಡಿಸಿದೆ. 2010ರಲ್ಲಿ ಭಾರತ ಸರ್ಕಾರ ಒಪ್ಪಿಕೊಂಡ ₹ ಚಿಹ್ನೆಗೆ ಅದೇ ವರ್ಷ ಯುನಿಕೋಡ್‌ನಲ್ಲಿ ಸ್ಥಾನ ದೊರೆಯಿತು.

ಆದರೆ ಡಾಲರ್ ಚಿಹ್ನೆಯನ್ನು ತೆಗೆದು ₹ ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯುವವರಿದ್ದಾರೆ. ಇದು ಸರಿಯಲ್ಲ. ₹1,234,500 ಎಂದು ಕಂಡರೆ, ಲಕ್ಷ ಕೋಟಿಗಳಲ್ಲಿ ಎಣಿಸುವ ನಿಮ್ಮ ಅಜ್ಜಿ ತಡವರಿಸುವುದಿಲ್ಲವೇ? ಹಣದ ಲೆಕ್ಕದಲ್ಲಿ ಒಂದು ಸ್ಥಾನ ತಪ್ಪಿ ಓದಿದರೂ ನಷ್ಟವೇ.

ಅಲ್ಪವಿರಾಮ ಇರುವುದು ಓದುವವರ ಅನುಕೂಲಕ್ಕೆ, ಯಂತ್ರಕ್ಕಾಗಿ ಅಲ್ಲ. ಆದ್ದರಿಂದ ನಾವು ಯಂತ್ರದ ರೂಢಿಯನ್ನು ಕಲಿಯುವುದಕ್ಕಿಂತ, ಯಂತ್ರಕ್ಕೆ ನಮ್ಮ ರೂಢಿಯನ್ನು ಕಲಿಸುವುದೇ ನ್ಯಾಯ. ಮುಂದೆ ನೀವು ತಂತ್ರಾಂಶ ಬರೆಯುವವರಾದಾಗ ಇದನ್ನು ಮರೆಯುವುದಿಲ್ಲ ತಾನೇ? ಈಗ ಮನೆಗೆ ಬಂದ ರಸೀದಿಗಳನ್ನು ತೆಗೆದು ನೋಡಿ. ಅಲ್ಪವಿರಾಮ ಎಲ್ಲೆಲ್ಲಿದೆ?