ಕಾನೂನಿನ ಪದಕ್ಕೆ ಒಂದೇ ಅರ್ಥವೇ? ಇಂಗ್ಲಿಷಿನಿಂದ ಪೋಲಿಷ್‌ಗೆ ಹೋಗುವ ಪದಗಳ ಕತೆ

ಕವಿತೆಯನ್ನು ಅನುವಾದಿಸುವುದು ಕಷ್ಟ, ಕಾನೂನಿನ ಕಾಗದಪತ್ರ ಅನುವಾದಿಸುವುದು ಸುಲಭ ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಕವಿತೆಯಲ್ಲಿ ಒಂದು ಪದಕ್ಕೆ ಹತ್ತಾರು ಅರ್ಥ ಹೊಳೆಯಬಹುದು, ಕಾನೂನಿನಲ್ಲಿ ಒಂದು ಪದಕ್ಕೆ ಒಂದೇ ಅರ್ಥ. ಹಾಗಾಗಿ ಒಳ್ಳೆಯ ನಿಘಂಟೋ ಫೋನಿನಲ್ಲೊಂದು ಅನುವಾದದ ಆ್ಯಪೋ ಇದ್ದರೆ ಸಾಕು ಎನ್ನುವುದು ಈ ನಂಬಿಕೆಯ ಹಿಂದಿನ ತರ್ಕ.

ಇದು ಎಷ್ಟು ಸರಿ? ಪರೀಕ್ಷಿಸಿ ನೋಡಲು ಇಂಗ್ಲಿಷ್ ಮತ್ತು ಪೋಲಿಷ್ ಭಾಷೆಗಳ ಜೋಡಿ ಒಳ್ಳೆಯ ಉದಾಹರಣೆ. ಪೋಲೆಂಡ್ 2004ರ ಮೇ 1ರಂದು ಐರೋಪ್ಯ ಒಕ್ಕೂಟವನ್ನು ಸೇರಿತು. ಆಮೇಲೆ ಅಲ್ಲಿನ ಲಕ್ಷಾಂತರ ಜನ ಕೆಲಸಕ್ಕಾಗಿ ಬ್ರಿಟನ್ ಮತ್ತು ಐರ್ಲೆಂಡ್‌ಗೆ ಹೋದರು. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 6.12 ಲಕ್ಷ ಜನರ ಮುಖ್ಯ ಭಾಷೆ ಪೋಲಿಷ್. ಅಲ್ಲಿ ಆದ ಮದುವೆ, ವಿಚ್ಛೇದನ, ಉಯಿಲು, ಕೋರ್ಟ್ ತೀರ್ಪುಗಳ ಕಾಗದಪತ್ರ ಪೋಲೆಂಡಿನ ಕಚೇರಿಗಳಲ್ಲಿ ಕೆಲಸಕ್ಕೆ ಬರಬೇಕಾದರೆ ಸಾಮಾನ್ಯವಾಗಿ ಪೋಲಿಷ್‌ಗೆ ಅನುವಾದವಾಗಬೇಕು.

ಮದುವೆ ಮುರಿದಿದೆಯೋ, ಇಲ್ಲವೋ?

ಇಂಗ್ಲೆಂಡಿನಲ್ಲಿ ವಿಚ್ಛೇದನ ಎರಡು ಹಂತಗಳಲ್ಲಿ ಆಗುತ್ತದೆ. ಮೊದಲ ಆದೇಶಕ್ಕೆ ಬಹುಕಾಲ ಇದ್ದ ಹೆಸರು 'ಡಿಕ್ರಿ ನೈಸೈ'. ವಿಚ್ಛೇದನ ಕೊಡಲು ಅಡ್ಡಿಯಿಲ್ಲ ಎಂದಷ್ಟೇ ಅದು ಹೇಳುತ್ತದೆ. ಆರು ವಾರ ಮತ್ತು ಒಂದು ದಿನ ಕಳೆದ ಮೇಲೆ ಎರಡನೆಯ ಆದೇಶಕ್ಕೆ, ಅಂದರೆ 'ಡಿಕ್ರಿ ಆ್ಯಬ್ಸಲ್ಯೂಟ್'ಗೆ ಅರ್ಜಿ ಹಾಕಬೇಕು. ಅದು ಕೈಗೆ ಬಂದಾಗ ಮಾತ್ರ ಮದುವೆ ಮುರಿದಂತೆ. 2022ರ ಏಪ್ರಿಲ್ 6ರಿಂದ ಈ ಹೆಸರುಗಳು 'ಕಂಡೀಷನಲ್ ಆರ್ಡರ್' ಮತ್ತು 'ಫೈನಲ್ ಆರ್ಡರ್' ಎಂದು ಬದಲಾಗಿವೆ. ಹಂತಗಳು ಮಾತ್ರ ಎರಡೇ ಉಳಿದಿವೆ.

ಪೋಲೆಂಡಿನಲ್ಲಿ ಹೀಗಿಲ್ಲ. ಅಲ್ಲಿ ಕೋರ್ಟ್ ಕೊಡುವುದು ಒಂದೇ ವಿಚ್ಛೇದನ ತೀರ್ಪು. ಯಾರೂ ಮೇಲ್ಮನವಿ ಸಲ್ಲಿಸದೆ ಗಡುವು ಮುಗಿದರೆ ಅದು ತಾನಾಗಿಯೇ ಅಂತಿಮವಾಗುತ್ತದೆ. ಅಂತಿಮವಾದ ತೀರ್ಪನ್ನು 'ಪ್ರವೊಮೊತ್ಸ್‌ನಿ' ಎನ್ನುತ್ತಾರೆ.

ಈಗ ಅನುವಾದಕರ ಮುಂದೆ ಮೊದಲ ಹಂತದ ಆದೇಶವಿದೆ ಎಂದುಕೊಳ್ಳೋಣ. 'ವಿಚ್ಛೇದನ ತೀರ್ಪು' ಎಂದು ಬರೆದರೆ ಪೋಲೆಂಡಿನಲ್ಲಿ ಓದುವವರು ಮದುವೆ ಮುರಿದಿದೆ ಎಂದುಕೊಳ್ಳುತ್ತಾರೆ. 'ಇನ್ನೂ ಅಂತಿಮವಾಗದ ತೀರ್ಪು' ಎಂದು ಬರೆದರೆ ಮೇಲ್ನೋಟಕ್ಕೆ ಸರಿ ಅನಿಸುತ್ತದೆ. ಆದರೆ ಪೋಲಿಷ್ ಓದುಗರಿಗೆ ಅದು 'ಸ್ವಲ್ಪ ದಿನ ಕಾದರೆ ತಾನಾಗಿಯೇ ಅಂತಿಮವಾಗುತ್ತದೆ' ಎಂಬ ಅರ್ಥ ಕೊಡುತ್ತದೆ. ಇಂಗ್ಲೆಂಡಿನಲ್ಲಿ ಕಾಯುತ್ತಾ ಕುಳಿತರೆ ಏನೂ ಆಗದು, ಇನ್ನೊಂದು ಅರ್ಜಿ ಹಾಕಲೇಬೇಕು. ಒಂದು ಪದವನ್ನು ನಂಬಿ ಯಾರಾದರೂ ಮರುಮದುವೆಗೆ ಹೊರಟರೆ, ಮೊದಲ ಮದುವೆ ಕಾನೂನಿನ ಕಣ್ಣಿನಲ್ಲಿ ಇನ್ನೂ ಉಳಿದಿರುತ್ತದೆ.

ಎರಡು ಬೇರೆ ಕಾನೂನು ಪರಂಪರೆಗಳು

ಈ ತೊಡಕಿನ ಮೂಲ ಭಾಷೆಗಿಂತ ಆಚೆ ಇದೆ. ಇಂಗ್ಲೆಂಡಿನದು 'ಕಾಮನ್ ಲಾ' ಪರಂಪರೆ. ನೂರಾರು ವರ್ಷಗಳ ಕೋರ್ಟ್ ತೀರ್ಪುಗಳು ಒಂದರ ಮೇಲೊಂದು ಸೇರಿ ಅಲ್ಲಿ ಕಾನೂನು ಬೆಳೆದಿದೆ. ಪೋಲೆಂಡಿನದು ಸಂಹಿತೆಗಳ ಪರಂಪರೆ. 1808ರಲ್ಲಿ ವಾರ್ಸಾ ಸಂಸ್ಥಾನಕ್ಕೆ ನೆಪೋಲಿಯನ್ನನ ನಾಗರಿಕ ಸಂಹಿತೆ ಬಂತು. 1918ರಲ್ಲಿ ಸ್ವತಂತ್ರವಾಗುವ ತನಕ ದೇಶದ ಬೇರೆ ಬೇರೆ ಭಾಗಗಳು ರಷ್ಯಾ, ಆಸ್ಟ್ರಿಯಾ ಮತ್ತು ಪ್ರಷ್ಯಾಗಳ ಆಳ್ವಿಕೆಯಲ್ಲಿದ್ದವು. ಈಗ ಜಾರಿಯಲ್ಲಿರುವ ನಾಗರಿಕ ಸಂಹಿತೆ 1964ರದ್ದು, ದಂಡ ಸಂಹಿತೆ 1997ರದ್ದು. ಇಂಗ್ಲಿಷ್ ಕಾನೂನು ಈ ನೆಲದಲ್ಲಿ ಬೇರೂರಲೇ ಇಲ್ಲ.

ಭಾರತದಲ್ಲಿ ಅದು ಬೇರೂರಿತು. 1872ರ ಭಾರತೀಯ ಕರಾರು ಕಾಯ್ದೆಯ ಜೊತೆಗೆ 'ಕನ್ಸಿಡರೇಷನ್' ಎಂಬ ಕಲ್ಪನೆಯೂ ನಮಗೆ ಬಂತು. ಒಪ್ಪಂದದಲ್ಲಿ ಒಬ್ಬರು ಕೊಡುವುದಕ್ಕೆ ಬದಲಾಗಿ ಇನ್ನೊಬ್ಬರು ಏನಾದರೂ ಕೊಡಬೇಕು ಎನ್ನುವುದೇ ಅದು. ಸೈಟು ಅಥವಾ ಮನೆಯ ಕ್ರಯಪತ್ರ ಓದಿದವರಿಗೆ 'ಪ್ರತಿಫಲ' ಎಂಬ ಪದ ಗೊತ್ತಿರುತ್ತದೆ. ಕಲ್ಪನೆ ಇದ್ದುದರಿಂದ ಕನ್ನಡದ ಪದ ಅದಕ್ಕೆ ಅಂಟಿಕೊಂಡಿತು. ಪೋಲೆಂಡಿನಲ್ಲಿ ಒಪ್ಪಂದ ಊರ್ಜಿತವಾಗಲು ಇಂಥ ಪ್ರತಿಫಲ ಬೇಕೆಂಬ ನಿಯಮವೇ ಇಲ್ಲ. ಹಾಗಾಗಿ ಅನುವಾದಕರು ಸಂದರ್ಭ ನೋಡಿ 'ಪರಸ್ಪರ ಸಲ್ಲಿಕೆ' ಎಂದೋ 'ಸಂಭಾವನೆ' ಎಂದೋ ಬರೆಯುತ್ತಾರೆ. ಕೆಲವೊಮ್ಮೆ ಇಂಗ್ಲಿಷ್ ಪದವನ್ನೇ ಉಳಿಸಿ, ಪಕ್ಕದಲ್ಲಿ ವಿವರಣೆ ಕೊಡುತ್ತಾರೆ.

ಒಂದೇ ಪದ, ಮೂರು ದಾರಿ

ಒಂದೇ ಇಂಗ್ಲಿಷ್ ಪದ ಹಲವು ಅರ್ಥಗಳನ್ನು ಹೊತ್ತಿರುವುದೂ ಉಂಟು. 'ಎಕ್ಸಿಕ್ಯೂಷನ್' ಪದವನ್ನೇ ನೋಡೋಣ. ಒಪ್ಪಂದದ ಎಕ್ಸಿಕ್ಯೂಷನ್ ಎಂದರೆ ಅದಕ್ಕೆ ಸಹಿ ಹಾಕುವುದು ಎಂದಾಗಬಹುದು, ಅದರಲ್ಲಿ ಹೇಳಿದ ಕೆಲಸ ಪೂರೈಸುವುದು ಎಂದೂ ಆಗಬಹುದು. ಕೋರ್ಟಿನ ಹಣದ ತೀರ್ಪಿನ ಬಗ್ಗೆ ಹೇಳುವಾಗ ಅದು ಬಲವಂತದ ವಸೂಲಿ. ಕೈದಿಯ ವಿಷಯದಲ್ಲಾದರೆ ಮರಣದಂಡನೆ.

ಪೋಲಿಷ್‌ನಲ್ಲಿ ಸಹಿ ಹಾಕುವುದಕ್ಕೆ 'ಪೊತ್ಪಿಸಾನ್ಯೆ', ಪೂರೈಸುವುದಕ್ಕೆ 'ವಿಕೊನಾನ್ಯೆ' ಎಂಬ ಬೇರೆ ಬೇರೆ ಪದಗಳಿವೆ. 'ಎಗ್ಜೆಕುತ್ಸ್ಯಾ' ಎಂಬ ಪದವೂ ಇದೆ. ಕೇಳಲು ಇಂಗ್ಲಿಷ್ ಪದದ ಹಾಗೆಯೇ ಇರುವ ಇದಕ್ಕೆ ಬಲವಂತದ ವಸೂಲಿ ಅಥವಾ ಮರಣದಂಡನೆ ಎಂಬ ಅರ್ಥಗಳಷ್ಟೇ ಇವೆ. 'ಒಪ್ಪಂದದ ಎಕ್ಸಿಕ್ಯೂಷನ್ ಆದ ಕೂಡಲೇ ಹಣ ಕೊಡಬೇಕು' ಎಂಬ ವಾಕ್ಯವನ್ನು ಒಬ್ಬರು 'ಸಹಿ ಬಿದ್ದ ಕೂಡಲೇ' ಎಂದೂ ಇನ್ನೊಬ್ಬರು 'ಕೆಲಸ ಮುಗಿದ ಕೂಡಲೇ' ಎಂದೂ ಅನುವಾದಿಸಿದರೆ, ಹಣ ಕೊಡುವ ದಿನವೇ ತಿಂಗಳುಗಟ್ಟಲೆ ಆಚೀಚೆ ಆಗಬಹುದು.

ಗೆರೆ ಎಳೆದಿರುವುದೇ ಬೇರೆ ಕಡೆ

ಇನ್ನು ಕೆಲವು ಪದಗಳು ಇಂಗ್ಲಿಷ್ ಕಾನೂನಿನೊಳಗೆ ಗೊಂದಲ ಉಂಟುಮಾಡುವುದಿಲ್ಲ. ಪೋಲಿಷ್‌ಗೆ ಬಂದಾಗ ಮಾತ್ರ ಎರಡಾಗಿ ಒಡೆಯುತ್ತವೆ. 'ಮ್ಯಾನ್‌ಸ್ಲಾಟರ್' ಅಂಥ ಒಂದು ಪದ. ಕೊಲೆ, ಅಂದರೆ 'ಮರ್ಡರ್' ಎನಿಸಿಕೊಳ್ಳದ ಎರಡು ಬಗೆಯ ಪ್ರಾಣಹಾನಿ ಇದರಲ್ಲಿ ಸೇರುತ್ತದೆ. ಒಂದು, ಕೊಲ್ಲುವ ಉದ್ದೇಶವಿದ್ದರೂ ಸ್ವನಿಯಂತ್ರಣ ತಪ್ಪಿದಂಥ ಕಾರಣಗಳಿಂದ ಅಪರಾಧದ ತೀವ್ರತೆ ಕಡಿಮೆಯಾದದ್ದು. ಇನ್ನೊಂದು, ಕೊಲ್ಲುವ ಉದ್ದೇಶವೇ ಇಲ್ಲದೆ ಘೋರ ನಿರ್ಲಕ್ಷ್ಯದಂಥ ಕಾರಣಗಳಿಂದ ಸಾವು ಸಂಭವಿಸಿದ್ದು.

ಪೋಲೆಂಡಿನ ದಂಡ ಸಂಹಿತೆ ಉದ್ದೇಶಪೂರ್ವಕ ಹತ್ಯೆಗೆ 148ನೆಯ ಕಲಮಿನಲ್ಲಿ 'ಜಬೂಯ್‌ಸ್ತ್ವೊ' ಎಂಬ ಪದ ಬಳಸುತ್ತದೆ. ತೀವ್ರ ಭಾವೋದ್ರೇಕದಲ್ಲಿ ಮಾಡಿದ ಹತ್ಯೆ ಅದೇ ಕಲಮಿನ ನಾಲ್ಕನೆಯ ಭಾಗದಲ್ಲಿ ಬರುತ್ತದೆ. ಉದ್ದೇಶವಿಲ್ಲದೆ ಸಾವಿಗೆ ಕಾರಣವಾಗುವುದು 155ನೆಯ ಕಲಮಿನ ಪ್ರತ್ಯೇಕ ಅಪರಾಧ. ಹಲವರು ಮ್ಯಾನ್‌ಸ್ಲಾಟರ್ ಎಂದ ಕೂಡಲೇ 'ಉದ್ದೇಶವಿಲ್ಲದೆ ಸಾವಿಗೆ ಕಾರಣವಾಗುವುದು' ಎಂದು ಬರೆದುಬಿಡುತ್ತಾರೆ. ಆಗ ಉದ್ದೇಶವಿದ್ದ ಪ್ರಕರಣವೂ ಆಕಸ್ಮಿಕದಂತೆ ಕಾಣುತ್ತದೆ. ತೀರ್ಪಿನ ಉಳಿದ ಪುಟಗಳನ್ನು ಓದದೆ ಈ ಒಂದು ಪದವನ್ನು ಅನುವಾದಿಸಲು ಸಾಧ್ಯವೇ ಇಲ್ಲ.

'ಡ್ಯಾಮೇಜಸ್' ಎಂಬ ಪರಿಹಾರದ ಹಣವೂ ಹೀಗೆಯೇ ಒಡೆಯುತ್ತದೆ. ಆಸ್ತಿ ಮತ್ತು ಆದಾಯದ ನಷ್ಟಕ್ಕೆ ಕೊಡುವುದು ಪೋಲಿಷ್‌ನಲ್ಲಿ 'ಒಟ್‌ಶ್ಕೊದೊವಾನ್ಯೆ'. ನೋವು ಮತ್ತು ಮಾನಸಿಕ ಯಾತನೆಗೆ ಕೊಡುವುದಕ್ಕೆ 'ಜಾದೊಶ್ಚ್‌ಉಚಿನ್ಯೆನ್ಯೆ' ಎಂಬ ಬೇರೆಯದೇ ಹೆಸರು. ಅಪಘಾತದಲ್ಲಿ ಗಾಯಗೊಂಡವರ ದಾವೆಯಲ್ಲಿ ಮೊದಲನೆಯದನ್ನು ಮಾತ್ರ ಬರೆದರೆ, ಎರಡನೆಯದನ್ನು ಅವರು ಕೇಳಿಯೇ ಇಲ್ಲವೇನೋ ಎನಿಸಬಹುದು.

ವ್ಯಾಕರಣವೂ ಪ್ರಶ್ನೆ ಕೇಳುತ್ತದೆ

'ಬಾಡಿಗೆದಾರರು ಛಾವಣಿ ರಿಪೇರಿ ಮಾಡಬೇಕು.' ಒಮ್ಮೆ ಮಾಡಿದರೆ ಸಾಕೋ, ಹಾಳಾದಾಗಲೆಲ್ಲ ಮಾಡುತ್ತಿರಬೇಕೋ? ಕನ್ನಡ ವಾಕ್ಯ ಅದನ್ನು ಹೇಳುವುದಿಲ್ಲ, ಇಂಗ್ಲಿಷ್ ವಾಕ್ಯವೂ ಹೇಳುವುದಿಲ್ಲ. ಪೋಲಿಷ್‌ನಲ್ಲಿ ಹಾಗೆ ಬಿಡಲು ಆಗದು. ಅಲ್ಲಿನ ಬಹುಪಾಲು ಕ್ರಿಯಾಪದಗಳಿಗೆ ಎರಡು ರೂಪಗಳಿವೆ. ಮುಗಿದುಹೋಗುವ ಒಂದು ಕೆಲಸಕ್ಕೆ 'ನಪ್ರಾವಿಚ್', ನಡೆಯುತ್ತಿರುವ ಅಥವಾ ಮತ್ತೆ ಮತ್ತೆ ಮಾಡುವ ಕೆಲಸಕ್ಕೆ 'ನಪ್ರಾವ್ಯಾಚ್'. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಮೂಲ ಒಪ್ಪಂದ ಬರೆದವರು ಯೋಚಿಸದೆ ಬಿಟ್ಟ ಪ್ರಶ್ನೆಗೆ ಅನುವಾದಕರು ಉತ್ತರ ಕೊಡಬೇಕಾಗುತ್ತದೆ. ಬಾಡಿಗೆದಾರರ ಜೇಬಿಗೆ ಆ ಉತ್ತರ ಭಾರವಾಗಬಹುದು.

ಬೇಕೆಂದೇ ಬಿಟ್ಟ ಅಸ್ಪಷ್ಟತೆ

ಇಲ್ಲಿಯವರೆಗೆ ನೋಡಿದ್ದು ಬಿಡಿಸಬೇಕಾದ ಗೊಂದಲಗಳು. ಕಾನೂನಿನಲ್ಲಿ ಬಿಡಿಸಬಾರದ ಅಸ್ಪಷ್ಟತೆಯೂ ಇದೆ. 'ರೀಸನಬಲ್' ಎಂಬ ಪದ ಅದಕ್ಕೆ ಉದಾಹರಣೆ. ಎಲ್ಲ ಸಂದರ್ಭಗಳನ್ನೂ ಮೊದಲೇ ಊಹಿಸಲು ಆಗುವುದಿಲ್ಲ ಎಂಬ ಕಾರಣಕ್ಕೇ ಕಾನೂನು ಬರೆಯುವವರು ಇಂಥ ಸಡಿಲ ಪದ ಬಳಸಿ, ತೀರ್ಮಾನವನ್ನು ನ್ಯಾಯಾಧೀಶರಿಗೆ ಬಿಡುತ್ತಾರೆ.

ಮಾನವ ಹಕ್ಕುಗಳ ಐರೋಪ್ಯ ಒಡಂಬಡಿಕೆಯ 6ನೆಯ ವಿಧಿ ಪ್ರತಿಯೊಬ್ಬರ ವಿಚಾರಣೆ 'ಸಮಂಜಸ ಅವಧಿ'ಯೊಳಗೆ ನಡೆಯಬೇಕು ಎನ್ನುತ್ತದೆ. ಪೋಲಿಷ್ ಅನುವಾದವೂ ಆ ಸಡಿಲತೆಯನ್ನು ಹಾಗೆಯೇ ಉಳಿಸಿಕೊಂಡಿದೆ. ಇಷ್ಟು ವರ್ಷ ಎಂದು ಎಲ್ಲೂ ಬರೆದಿಲ್ಲ. ಪ್ರಕರಣ ಎಷ್ಟು ಜಟಿಲ, ಅರ್ಜಿದಾರರು ಹೇಗೆ ನಡೆದುಕೊಂಡರು, ಅಧಿಕಾರಿಗಳು ಎಷ್ಟು ತಡಮಾಡಿದರು ಎಂಬುದನ್ನೆಲ್ಲ ಕೋರ್ಟ್ ತೂಗಿ ನೋಡುತ್ತದೆ. 2000ದ ಅಕ್ಟೋಬರ್ 26ರಂದು 'ಕುದ್ವಾ ವಿರುದ್ಧ ಪೋಲೆಂಡ್' ಪ್ರಕರಣದಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ, ವಿಚಾರಣೆ ಅತಿಯಾಗಿ ಎಳೆದಿದೆ ಎಂದಿತು. ಈ ವಿಳಂಬದ ವಿರುದ್ಧ ದೂರು ಕೊಡಲು ದೇಶದೊಳಗೆ ಪರಿಣಾಮಕಾರಿ ದಾರಿಯಿಲ್ಲ ಎಂದೂ ಹೇಳಿತು. 2004ರಲ್ಲಿ ಪೋಲೆಂಡ್ ಅದಕ್ಕಾಗಿಯೇ ಒಂದು ಕಾನೂನು ಮಾಡಿತು. ಅನುವಾದಕರು ಯಾರಾದರೂ 'ಸಮಂಜಸ' ಎಂಬುದನ್ನು 'ಸಾಧ್ಯವಾದಷ್ಟು ಬೇಗ' ಎಂದು ಬಿಗಿಗೊಳಿಸಿದ್ದರೆ ಹಕ್ಕಿನ ಅಳತೆಯೇ ಬದಲಾಗುತ್ತಿತ್ತು.

ಅಂಥ ಬಿಗಿಗೊಳಿಸುವಿಕೆ ನಡೆಯುವುದೇ ಇಲ್ಲವೆಂದಲ್ಲ. ಇಂಗ್ಲಿಷ್‌ನಲ್ಲಿ ಅಪರಾಧ ಸಾಬೀತಾಗಬೇಕಾದ್ದು 'ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ'. ಪೋಲಿಷ್‌ನಲ್ಲಿ ಬಳಕೆಗೆ ಬಂದಿರುವ ಜನಪ್ರಿಯ ನುಡಿಗಟ್ಟಿನ ಅರ್ಥ 'ಯಾವ ಸಂಶಯಕ್ಕೂ ಎಡೆಯಿಲ್ಲದಂತೆ'. 'ಸಮಂಜಸ' ಎಂಬ ಪದ ಅಲ್ಲಿ ಬಿದ್ದೇಹೋಗಿದೆ. ನಮ್ಮ ಪತ್ರಿಕೆಗಳು ಬರೆಯುವ 'ಸಂಶಯಾತೀತವಾಗಿ ಸಾಬೀತಾಗಿದೆ' ಎಂಬ ವಾಕ್ಯದಲ್ಲೂ ಆಗಿರುವುದು ಇದೇ.

ಹಾಗಾದರೆ ಅನುವಾದಕರು ಏನು ಮಾಡುತ್ತಾರೆ?

ಪೋಲೆಂಡಿನಲ್ಲಿ ಅಧಿಕೃತ ಕಾಗದಪತ್ರಗಳ ಅನುವಾದಕ್ಕೆ ಪ್ರಮಾಣವಚನ ಸ್ವೀಕರಿಸಿದ ಅನುವಾದಕರಿದ್ದಾರೆ. 2004ರ ನವೆಂಬರ್ 25ರ ಕಾಯ್ದೆಯಂತೆ ಅವರು ಸರ್ಕಾರಿ ಪರೀಕ್ಷೆ ಪಾಸಾಗಬೇಕು, ನ್ಯಾಯ ಸಚಿವಾಲಯದ ಪಟ್ಟಿಯಲ್ಲಿ ಹೆಸರಿರಬೇಕು. ಅನುವಾದದ ಮೇಲೆ ಅವರ ಮೊಹರು ಬೀಳುತ್ತದೆ. ಅವರ ಶುಲ್ಕದ ಲೆಕ್ಕದಲ್ಲಿ ಖಾಲಿ ಜಾಗವೂ ಸೇರಿ 1,125 ಅಕ್ಷರಗಳಿಗೆ ಒಂದು ಪುಟ.

ಅನುಭವಿ ಅನುವಾದಕರು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಈ ಅಸ್ಪಷ್ಟತೆ ಅಕಸ್ಮಾತ್ ಬಂದದ್ದೋ ಬೇಕೆಂದೇ ಇಟ್ಟದ್ದೋ ಎಂಬುದು. ಅಕಸ್ಮಾತ್ ಬಂದಿದ್ದರೆ ಇಡೀ ಪತ್ರ ಓದಿ ಸಂದರ್ಭದಿಂದ ಬಿಡಿಸಬಹುದು, ಸಾಧ್ಯವಾದರೆ ಬರೆದವರನ್ನೇ ಕೇಳಬಹುದು. ಬೇಕೆಂದೇ ಇಟ್ಟಿದ್ದರೆ ಅಷ್ಟೇ ಸಡಿಲವಾದ ಪೋಲಿಷ್ ಪದ ಹುಡುಕಬೇಕು. ಕಲ್ಪನೆಯೇ ಪೋಲಿಷ್‌ನಲ್ಲಿ ಇಲ್ಲದಿದ್ದರೆ ಮೂಲ ಪದವನ್ನು ಉಳಿಸಿ ಟಿಪ್ಪಣಿ ಬರೆಯಬೇಕು. ಯಾವ ದಾರಿ ಹಿಡಿದರೂ, ನ್ಯಾಯಾಧೀಶರು ಕೊಡಬೇಕಾದ ತೀರ್ಪನ್ನು ಅನುವಾದಕರು ಯಾರಿಗೂ ಗೊತ್ತಾಗದಂತೆ ಕೊಟ್ಟುಬಿಡಬಾರದು.

ಯಂತ್ರಾನುವಾದದ ಮುಖ್ಯ ಅಪಾಯ ಇರುವುದೂ ಇಲ್ಲಿಯೇ. ಅದು ಹಲವು ಅರ್ಥಗಳಲ್ಲಿ ಒಂದನ್ನು ಆರಿಸಿ ನಿರರ್ಗಳವಾದ ವಾಕ್ಯ ಕೊಡುತ್ತದೆ. ಇಲ್ಲೊಂದು ಆಯ್ಕೆ ನಡೆದಿದೆ ಎಂದು ಸಾಮಾನ್ಯವಾಗಿ ತಿಳಿಸುವುದಿಲ್ಲ. ವಾಕ್ಯ ಓದಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಅರ್ಥ ಸರಿಯಿದೆ ಎಂದಾಗದು.

ಕೆಲಸಕ್ಕೆಂದು ಪೋಲೆಂಡಿಗೆ ಹೋಗುವ ಕನ್ನಡಿಗರಿಗೂ ಇಂಗ್ಲಿಷ್ ಮತ್ತು ಪೋಲಿಷ್ ಎರಡು ಕಾಲಮ್‌ಗಳಲ್ಲಿರುವ ಒಪ್ಪಂದ ಎದುರಾಗಬಹುದು. ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು. ಎರಡು ಪಠ್ಯಗಳ ನಡುವೆ ವ್ಯತ್ಯಾಸ ಬಂದರೆ ಯಾವ ಭಾಷೆಯದು ಅಂತಿಮ? ಒಪ್ಪಂದಕ್ಕೆ ಅನ್ವಯಿಸುವುದು ಯಾವ ದೇಶದ ಕಾನೂನು? ಇವೆರಡಕ್ಕೂ ಉತ್ತರ ಸಾಮಾನ್ಯವಾಗಿ ಒಪ್ಪಂದದ ಕೊನೆಯ ಪುಟಗಳಲ್ಲಿ ಇರುತ್ತದೆ. ಅರ್ಥವಾಗದ ಪದ ಕಂಡರೆ ಅದರ ಅನುವಾದ ಕೇಳುವುದಕ್ಕಿಂತ, 'ಇದರಿಂದ ನಾನು ಏನು ಮಾಡಬೇಕಾಗುತ್ತದೆ, ನನಗೆ ಏನು ಸಿಗುತ್ತದೆ?' ಎಂದು ಕೇಳುವುದು ಹೆಚ್ಚು ಉಪಯುಕ್ತ.